ಫೋನ್‌ಗೆ ಜೋಡಿಸುವ ಕಿವಿ ಕ್ಯಾಮೆರಾ: ನೋವಾಗದಂತೆ ತಮಟೆ ನೋಡುವುದು ಹೇಗೆ?

ಕಿವಿ ಕ್ಯಾಮೆರಾ (ತುದಿಯಲ್ಲಿ ಪುಟ್ಟ ಲೆನ್ಸ್, ದೀಪ ಇರುವ ಕಡ್ಡಿ) ತಂದವರಲ್ಲಿ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ಪರದೆ ಮೇಲೆ ಮಸುಕಾದ ಗುಲಾಬಿ ಬಣ್ಣ, ನಾಲ್ಕು ಕೂದಲು, ಒಂದಿಷ್ಟು ಗುಗ್ಗೆ ಕಾಣುತ್ತದೆ. ಕೊಳವೆಯ ಕೊನೆಗಿರುವ ತೆಳು ಪೊರೆ, ಅಂದರೆ ತಮಟೆ, ಮಾತ್ರ ಕಾಣುವುದಿಲ್ಲ. ಆಗ ಇನ್ನೂ ಸ್ವಲ್ಪ ಒಳಗೆ ತಳ್ಳುತ್ತಾರೆ. ನೋವಾಗುವುದೂ ರಕ್ತ ಬರುವುದೂ ಆಗಲೇ.

ಹಾಗೆ ತಳ್ಳುವ ಅಗತ್ಯವೇ ಇಲ್ಲ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ದೊಡ್ಡವರ ಕಿವಿಯ ಕೊಳವೆ ತೂತಿನಿಂದ ತಮಟೆಯವರೆಗೆ ಸುಮಾರು 2.5 ಸೆಂ.ಮೀ. ಉದ್ದ ಇರುತ್ತದೆ. ಈ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಚಿತ್ರ ಚೆನ್ನಾಗಿ ಮೂಡುವುದು 1.5ರಿಂದ 2 ಸೆಂ.ಮೀ. ದೂರದಿಂದ. ಅಂದರೆ ತುದಿ ಅರ್ಧದಿಂದ ಒಂದು ಸೆಂಟಿಮೀಟರ್ ಒಳಗೆ ಹೋದರೆ ಸಾಕು, ತಮಟೆ ಸ್ಪಷ್ಟವಾಗಿ ಕಾಣಬೇಕು. ಅಷ್ಟು ಹೋದರೂ ಕಾಣಲಿಲ್ಲ ಅಂದರೆ ತಪ್ಪಿರುವುದು ಆಳ ಅಲ್ಲ, ಕೋನ. ಇಲ್ಲವೇ ದಾರಿಯಲ್ಲಿ ಗುಗ್ಗೆ ಅಡ್ಡ ಇದೆ. ಎರಡಕ್ಕೂ ತಳ್ಳುವುದು ಪರಿಹಾರವಲ್ಲ.

ಇನ್ನೊಂದು ಮಾತು ಗೊತ್ತಿರಲಿ. ಕೊಳವೆಯ ಹೊರಗಿನ ಮೂರನೇ ಒಂದು ಭಾಗ ಮೆದು ಮೂಳೆಯದು. ಅದು ಸ್ವಲ್ಪ ಬಾಗುತ್ತದೆ, ಮುಟ್ಟಿದರೆ ಅಷ್ಟಾಗಿ ನೋವಾಗುವುದಿಲ್ಲ. ಒಳಗಿನ ಎರಡು ಭಾಗ ಗಟ್ಟಿ ಮೂಳೆ. ಅದರ ಮೇಲಿನ ಚರ್ಮ ತುಂಬ ತೆಳು, ಸ್ವಲ್ಪ ಕೆರೆದರೂ ರಕ್ತ ಬರುತ್ತದೆ. ನಮ್ಮ ತುದಿ ಯಾವತ್ತೂ ಆ ಮೊದಲ ಭಾಗ ದಾಟಿ ಹೆಚ್ಚು ಒಳಗೆ ಹೋಗಬಾರದು. ಈ ಇಡೀ ಮಾರ್ಗದರ್ಶಿ ನಿಂತಿರುವುದು ಇದರ ಮೇಲೆ.

## ಯಾರ ಕಿವಿಗೆ ಹಾಕಲೇಬಾರದು

ಪೆಟ್ಟಿಗೆ ತೆರೆಯುವ ಮೊದಲೇ ಇದನ್ನು ಓದಿ. ಈ ಕೆಳಗಿನ ಯಾವುದಾದರೂ ಒಂದು ಇದ್ದರೂ ಮನೆಯಲ್ಲಿ ಕ್ಯಾಮೆರಾ ಹಾಕುವುದು ಬೇಡ, ವೈದ್ಯರ ಹತ್ತಿರ ಹೋಗಿ:

- ಕಿವಿಯಿಂದ ಕೀವು, ನೀರು ಅಥವಾ ರಕ್ತ ಸೋರುತ್ತಿದೆ.
- ಕಿವಿ ಮುಟ್ಟಿದರೆ, ಎಳೆದರೆ ತಡೆಯಲಾಗದಷ್ಟು ನೋವು.
- ತಮಟೆಯಲ್ಲಿ ತೂತಿದೆ ಎಂದು ಹಿಂದೆ ವೈದ್ಯರು ಹೇಳಿದ್ದಾರೆ, ಗ್ರೋಮೆಟ್ (ತಮಟೆಯಲ್ಲಿ ಕೂರಿಸುವ ಪುಟ್ಟ ಕೊಳವೆ) ಹಾಕಿದ್ದಾರೆ, ಅಥವಾ ಕಿವಿಗೆ ಶಸ್ತ್ರಚಿಕಿತ್ಸೆ ಆಗಿದೆ.
- ತಲೆಗೆ ಅಥವಾ ಕಿವಿಗೆ ಈಗಷ್ಟೇ ಪೆಟ್ಟು ಬಿದ್ದಿದೆ.
- ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಂತಾಗಿದೆ.

ಕೊನೆಯದರ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಬೆಳಗ್ಗೆ ಎದ್ದಾಗ ಒಂದು ಕಿವಿ ಮುಚ್ಚಿಕೊಂಡಂತೆ ಅನಿಸಿದರೆ ಎಲ್ಲರೂ ಗುಗ್ಗೆ ಅಂದುಕೊಳ್ಳುತ್ತಾರೆ. ಕ್ಯಾಮೆರಾ ಹಾಕಿ ನೋಡುತ್ತಾರೆ, ಒಳಗೆ ಎಲ್ಲ ಸ್ವಚ್ಛವಾಗಿರುತ್ತದೆ, ಸಮಾಧಾನ ಮಾಡಿಕೊಂಡು ಸುಮ್ಮನಾಗುತ್ತಾರೆ. ಒಳಗಿವಿಯ ನರಕ್ಕೆ ಸಂಬಂಧಿಸಿದ ಕಿವುಡು ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಅದಕ್ಕೆ ಔಷಧಿ ಬೇಗ ಶುರುವಾದಷ್ಟೂ ಒಳ್ಳೆಯದು, ವಾರಗಳು ಕಳೆದರೆ ಅವಕಾಶ ಕೈತಪ್ಪಬಹುದು. ಅವತ್ತೇ ಇಎನ್‌ಟಿ ತಜ್ಞರನ್ನು ನೋಡಬೇಕು.

ಪುಟ್ಟ ಮಕ್ಕಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: 3 ವರ್ಷದೊಳಗಿನ ಮಗುವಿನ ಕಿವಿಗೆ ವೈದ್ಯರು ಹೇಳಿಕೊಡದೆ ಇದನ್ನು ಹಾಕಬೇಡಿ. ಕೊಳವೆ ಕಿರಿದು, ಗಿಡ್ಡ. ಮಗು ಯಾವ ಕ್ಷಣದಲ್ಲಿ ತಲೆ ಕೊಡವುತ್ತದೆ ಅಂತ ಹೇಳಲಾಗದು.

## ಬೇಕಾಗುವ ಸಾಮಾನು

ಕ್ಯಾಮೆರಾ ಕಡ್ಡಿ, ಫೋನ್ ಎರಡೇ ಇದ್ದರೆ ಸಾಲದು. ಇವನ್ನೂ ಮೊದಲೇ ಕೈಗೆಟುಕುವಂತೆ ಇಟ್ಟುಕೊಳ್ಳಿ:

- ಫೋನ್ ನಿಲ್ಲಿಸುವ ಸ್ಟ್ಯಾಂಡ್. ಒಂದು ಕೈ ಕಡ್ಡಿ ಹಿಡಿಯುತ್ತದೆ, ಇನ್ನೊಂದು ಕಿವಿ ಎಳೆದು ಹಿಡಿಯುತ್ತದೆ. ಫೋನ್ ಹಿಡಿಯಲು ಮೂರನೇ ಕೈ ಇಲ್ಲ. ಕಿವಿ ಎಳೆಯುವುದನ್ನು ಬಿಟ್ಟು ಫೋನ್ ಹಿಡಿದುಕೊಳ್ಳುವವರೇ ಹೆಚ್ಚು, ಅವರಿಗೆ ತಮಟೆ ಕಾಣುವುದಿಲ್ಲ.
- ಗುಂಡಗಿನ, ಮೆತ್ತನೆಯ ಸಿಲಿಕಾನ್ ತುದಿಗಳು, ಕನಿಷ್ಠ ಎರಡು. ಒಂದೊಂದು ಕಿವಿಗೆ ಒಂದೊಂದು.
- 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಇರುವ ಒರೆಸುವ ಹಾಳೆ.
- ಸ್ಕೇಲು, ಅಳಿಸದ ಮಾರ್ಕರ್ ಪೆನ್ನು, ಒಂದೆರಡು ಚೀಟಿ.

ಪೆಟ್ಟಿಗೆಯಲ್ಲಿ ಚಮಚದಂಥ ತುದಿಗಳೂ ಇರುತ್ತವೆ, ಅಲ್ವಾ? ಅವನ್ನು ಬೇರೆ ಕಡೆ ಎತ್ತಿಡಿ. ಏಕೆ ಎಂದು ಹಂತ 7ರಲ್ಲಿ ಹೇಳುತ್ತೇನೆ.

ಇನ್ನೂ ಕೊಂಡಿಲ್ಲವಾದರೆ ಎರಡು ಅಳತೆ ನೋಡಿಕೊಳ್ಳಿ. ಕಡ್ಡಿಯ ತುದಿ 4 ಮಿ.ಮೀ.ಗಿಂತ ದಪ್ಪ ಇರಬಾರದು. ಕೊಳವೆಯ ಅಗಲ ದೊಡ್ಡವರಲ್ಲೇ 7 ಮಿ.ಮೀ. ಆಸುಪಾಸು. ತುದಿ 5.5 ಮಿ.ಮೀ. ಇದ್ದರೆ ತಿರುಗಿಸಲು ಜಾಗವೇ ಉಳಿಯುವುದಿಲ್ಲ. ಎರಡನೆಯದು ಚಿತ್ರ ಸ್ಪಷ್ಟವಾಗುವ ದೂರ. ಪೈಪು, ಎಂಜಿನ್ ಒಳಗೆ ನೋಡಲು ಮಾರುವ ಕ್ಯಾಮೆರಾಗಳಿಗೆ ಈ ದೂರ ಹೆಚ್ಚಿರುತ್ತದೆ. ಅವು ಕಿವಿಗೆ ಆಗಿಬರುವುದಿಲ್ಲ.

## ಹಂತ 1: ಫೋನ್ ಜೊತೆ ಜೋಡಿಸಿ

ವೈರ್ ಇಲ್ಲದ ಕಡ್ಡಿಗಳು ತಮ್ಮದೇ ಒಂದು ಪುಟ್ಟ ವೈ-ಫೈ ಹರಡುತ್ತವೆ. ಫೋನ್ ಆ ವೈ-ಫೈಗೆ ಸೇರಬೇಕು. ಅದರಲ್ಲಿ ಇಂಟರ್ನೆಟ್ ಇರುವುದಿಲ್ಲ. ಫೋನ್‌ಗೆ ಅದು ಹಿಡಿಸುವುದಿಲ್ಲ, "ಈ ನೆಟ್‌ವರ್ಕ್‌ನಲ್ಲಿ ಇಂಟರ್ನೆಟ್ ಇಲ್ಲ" ಎಂದು ಹೇಳಿ ಸದ್ದಿಲ್ಲದೆ ಹಳೆಯದಕ್ಕೆ ಮರಳುತ್ತದೆ. "ಆ್ಯಪ್‌ನಲ್ಲಿ ಕಪ್ಪು ಪರದೆ ಬರುತ್ತಿದೆ" ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

1. ಆ್ಯಪ್ ಅನ್ನು ಮೊದಲೇ, ಇಂಟರ್ನೆಟ್ ಇರುವಾಗಲೇ ಇಳಿಸಿಕೊಳ್ಳಿ.
2. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆಮೇಲೆ ವೈ-ಫೈ ಮಾತ್ರ ಆನ್ ಮಾಡಿ. ವಿಪಿಎನ್ ಇದ್ದರೆ ಆಫ್ ಮಾಡಿ.
3. ಕಡ್ಡಿಯನ್ನು ಆನ್ ಮಾಡಿ, ಅದರ ಹೆಸರಿನ ವೈ-ಫೈಗೆ ಸೇರಿ. "ಇಂಟರ್ನೆಟ್ ಇಲ್ಲ, ಆದರೂ ಇರಬೇಕಾ?" ಎಂದು ಕೇಳಿದರೆ ಹೌದು ಅನ್ನಿ.
4. ಈಗ ಆ್ಯಪ್ ತೆರೆಯಿರಿ.

ಐಫೋನ್‌ನಲ್ಲಿ ಮೊದಲ ಸಲ "ಲೋಕಲ್ ನೆಟ್‌ವರ್ಕ್" ಅನುಮತಿ ಕೇಳುತ್ತದೆ. ಆಗ ಬೇಡ ಅಂದಿದ್ದರೆ ಚಿತ್ರ ಬರುವುದೇ ಇಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈವಸಿ ಅಡಿಯಲ್ಲಿ ಮತ್ತೆ ಆನ್ ಮಾಡಬೇಕು. ಆಂಡ್ರಾಯ್ಡ್‌ನಲ್ಲಿ ಲೊಕೇಶನ್ ಅನುಮತಿ ಕೇಳಬಹುದು, ಹತ್ತಿರದ ವೈ-ಫೈ ಹುಡುಕಲು ಅದು ಬೇಕಾಗುತ್ತದೆ. ಫೋಟೋ ಉಳಿಸುವ ಅನುಮತಿಯೂ ಸರಿ. ಆದರೆ ಕಿವಿ ನೋಡುವ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್, ಎಸ್‌ಎಂಎಸ್ ಏಕೆ ಬೇಕು? ಕೇಳಿದರೆ ಕೊಡಬೇಡಿ.

ವೈರ್ ಇರುವ ಕಡ್ಡಿಗೆ ಫೋನ್‌ನಲ್ಲಿ ಒಟಿಜಿ ಸೌಲಭ್ಯ (ಚಾರ್ಜಿಂಗ್ ತೂತಿಗೆ ಬೇರೆ ಸಾಧನ ಜೋಡಿಸುವ ಅವಕಾಶ) ಇರಬೇಕು. ಕೆಲವು ಫೋನ್‌ಗಳಲ್ಲಿ ಅದನ್ನು ಸೆಟ್ಟಿಂಗ್ಸ್‌ನಲ್ಲಿ ಕೈಯಾರೆ ಆನ್ ಮಾಡಬೇಕು, ಸ್ವಲ್ಪ ಹೊತ್ತು ಬಳಸದಿದ್ದರೆ ತಾನೇ ಆಫ್ ಆಗಿಬಿಡುತ್ತದೆ.

ಚಿತ್ರ ಬಂತಾ? ಕಿವಿಗೆ ಹೋಗುವ ಮುಂಚೆ ಒಂದು ಪರೀಕ್ಷೆ ಮಾಡಿ. ಲೆನ್ಸ್ ಮುಂದೆ ಬೆರಳು ಆಡಿಸಿ. ಬೆರಳು ಆಡಿದ ತಕ್ಷಣ ಪರದೆಯಲ್ಲೂ ಆಡಬೇಕು. ಅರೆಗಳಿಗೆ ತಡವಾಗಿ ಆಡುತ್ತಿದ್ದರೆ ಅವತ್ತು ಬೇಡ. ಪರದೆ ತೋರಿಸುತ್ತಿರುವುದು ಹಿಂದಿನ ಕ್ಷಣದ ಕಿವಿಯನ್ನು, ನಿಮ್ಮ ಕೈ ಆಗಲೇ ಮುಂದೆ ಹೋಗಿರುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಬೇರೆ ಆ್ಯಪ್‌ಗಳನ್ನು ಮುಚ್ಚಿ ಮತ್ತೆ ನೋಡಿ.

## ಹಂತ 2: ಕಾಗದದ ಕೊಳವೆಯಲ್ಲಿ ಕೈ ಪಳಗಿಸಿ

ಈ ಹಂತವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಹತ್ತು ನಿಮಿಷದ ಕೆಲಸ ಅಷ್ಟೆ, ದಯವಿಟ್ಟು ಮಾಡಿ.

ಒಂದು ಪೆನ್ಸಿಲ್‌ಗೆ ಕಾಗದ ಸುತ್ತಿ ಅಂಟಿಸಿ. ಪೆನ್ಸಿಲ್ ತೆಗೆದು 2.5 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಹೆಚ್ಚುಕಡಿಮೆ ಕಿವಿಯ ಕೊಳವೆಯ ಅಳತೆ ಸಿಕ್ಕಿತು. ಇನ್ನೊಂದು ಹಾಳೆಯ ಮೇಲೆ ಸಣ್ಣದಾಗಿ ಒಂದು ಅಕ್ಷರ ಬರೆದು, ಕೊಳವೆಯನ್ನು ಅದರ ಮೇಲೆ ನಿಲ್ಲಿಸಿ. ಈಗ ಕಡ್ಡಿಯನ್ನು ಮೇಲಿನಿಂದ ನಿಧಾನವಾಗಿ ಇಳಿಸಿ. ಅಕ್ಷರ ಯಾವಾಗ ಸ್ಪಷ್ಟವಾಯಿತು ನೋಡಿ, ಅಲ್ಲೇ ನಿಲ್ಲಿಸಿ. ತುದಿ ಎಷ್ಟು ಒಳಗೆ ಹೋಗಿದೆ ಎಂದು ಅಳೆಯಿರಿ. ಅದೇ ನಿಮ್ಮ ಕ್ಯಾಮೆರಾಕ್ಕೆ ಬೇಕಾದ ಆಳ.

ಸ್ಕೇಲು ಇಟ್ಟು, ಸಿಲಿಕಾನ್ ತುದಿಯ ಮುಂಭಾಗದಿಂದ ಸರಿಯಾಗಿ 1 ಸೆಂ.ಮೀ. ಹಿಂದೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಕೊಳವೆಯಲ್ಲಿ ಸಿಕ್ಕ ಅಳತೆ ಎಷ್ಟೇ ಇರಲಿ, ಈ ಗೆರೆ ಕಿವಿಯ ತೂತಿನೊಳಗೆ ಹೋಗಬಾರದು. ಮಕ್ಕಳಿಗೆ ಅದರ ಅರ್ಧಕ್ಕೆ ಇನ್ನೊಂದು ಗೆರೆ ಹಾಕಿ. ಟೇಪು ಸುತ್ತಬೇಡಿ, ಬಿಚ್ಚಿ ಕಿವಿಯೊಳಗೆ ಉಳಿಯಬಹುದು.

ಇನ್ನೊಂದು ಅಭ್ಯಾಸ ದಿಕ್ಕಿನದು. ಕಡ್ಡಿಯನ್ನು ಮೇಲಕ್ಕೆ ತಿರುಗಿಸಿದರೆ ನೋಟ ಎತ್ತ ಹೋಗುತ್ತದೆ? ಬಲಕ್ಕೆ ತಿರುಗಿಸಿದರೆ? ಕೆಲವು ಆ್ಯಪ್‌ಗಳು ಎಡ ಬಲ ಅದಲುಬದಲು ಮಾಡಿ ತೋರಿಸುತ್ತವೆ. ಮುದ್ರಿತ ಅಕ್ಷರ ನೋಡಿ: ಅದು ಕನ್ನಡಿಯಲ್ಲಿ ಕಂಡಂತೆ ಕಂಡರೆ ಸೆಟ್ಟಿಂಗ್ಸ್‌ನಲ್ಲಿ ಮಿರರ್ ಆಫ್ ಮಾಡಿ. ಕಡ್ಡಿ ತಿರುಗಿದ ಕಡೆಗೇ ಪರದೆಯ ನೋಟವೂ ಸಾಗುವವರೆಗೂ ಕಿವಿಯ ಹತ್ತಿರ ಹೋಗಬೇಡಿ.

## ಹಂತ 3: ಕೂರಿಸಿ, ಮಲಗಿಸಬೇಡಿ

ಮಲಗಿಸಿದರೆ ಅನುಕೂಲ ಅನಿಸುತ್ತದೆ. ಆದರೆ ಮಲಗಿಸಿದಾಗ ಕಡ್ಡಿ ನೆಟ್ಟಗೆ ಕೆಳಮುಖವಾಗುತ್ತದೆ. ಚಿತ್ರವನ್ನು ತಲೆಕೆಳಗಾಗದಂತೆ ನೇರ ಇಡುವ ಸಂವೇದಕ ಭೂಮಿಯ ಸೆಳೆತವನ್ನು ನೋಡಿ ಮೇಲೆ ಕೆಳಗೆ ಅಂತ ಗುರುತಿಸುತ್ತದೆ. ಕಡ್ಡಿಯೇ ಕೆಳಗೆ ನೋಡುತ್ತಿದ್ದರೆ ಅದಕ್ಕೆ ಆಧಾರ ತಪ್ಪುತ್ತದೆ, ಚಿತ್ರ ಗಿರಗಿರ ತಿರುಗತೊಡಗುತ್ತದೆ. ಕೂರಿಸಿದರೆ ಕಡ್ಡಿ ಅಡ್ಡಡ್ಡ ಇರುತ್ತದೆ, ಚಿತ್ರ ನಿಲ್ಲುತ್ತದೆ.

ಕುರ್ಚಿಯಲ್ಲಿ ಕೂರಿಸಿ, ತಲೆಯ ಇನ್ನೊಂದು ಬದಿ ಗೋಡೆಗೋ ದಿಂಬಿಗೋ ಒರಗಿರಲಿ. ನೀವೂ ಕೂತುಕೊಳ್ಳಿ, ನಿಮ್ಮ ಕಣ್ಣು ಅವರ ಕಿವಿಯ ಎತ್ತರಕ್ಕೆ ಬರಬೇಕು. ಫೋನನ್ನು ಅವರ ತಲೆಯ ಹಿಂದೆ, ಕಿವಿಯ ಪಕ್ಕದಲ್ಲೇ ನಿಲ್ಲಿಸಿ. ಕತ್ತು ತಿರುಗಿಸದೆ, ಕಣ್ಣಷ್ಟೇ ಹೊರಳಿಸಿ ಕಿವಿಯನ್ನೂ ಪರದೆಯನ್ನೂ ನೋಡುವಂತಿರಬೇಕು.

ಯಾರೂ ಓಡಾಡದ ಮೂಲೆ ನೋಡಿಕೊಳ್ಳಿ. ಹಿಂದಿನಿಂದ ಮಗುವೊಂದು ಬಂದು ಮೊಣಕೈಗೆ ತಾಗಿದರೆ ಸಾಕು, ಅನಾಹುತವಾಗುತ್ತದೆ.

ತಮ್ಮ ಕಿವಿಯನ್ನು ತಾವೇ ನೋಡಿಕೊಳ್ಳುವವರೂ ಇದ್ದಾರೆ. ನನಗೆ ಅದು ಸರಿ ಅನಿಸುವುದಿಲ್ಲ. ಕಿವಿ ಎಳೆಯಲು ಕೈ ತಲೆ ಸುತ್ತಿ ಬರಬೇಕು, ತುದಿ ಎಷ್ಟು ಒಳಗಿದೆ ಎಂದು ಕಣ್ಣಾರೆ ನೋಡಲು ಆಗುವುದಿಲ್ಲ, ಗೆರೆ ಹಾಕಿಯೂ ಪ್ರಯೋಜನವಿಲ್ಲ. ಇನ್ನೊಬ್ಬರ ಕೈಯಲ್ಲಿ ಮಾಡಿಸಿಕೊಳ್ಳಿ.

## ಹಂತ 4: ಕ್ಯಾಮೆರಾಕ್ಕೆ ಮೊದಲು ಕಣ್ಣು

ಮೊದಲು ಕಿವಿಯ ಹಿಂಭಾಗ ನೋಡಿ. ಅಲ್ಲಿನ ಮೂಳೆಯ ಮೇಲೆ ಊತ, ಕೆಂಪು, ಮುಟ್ಟಿದರೆ ನೋವು ಇದ್ದರೆ ಅಲ್ಲಿಗೇ ನಿಲ್ಲಿಸಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ. ಆಮೇಲೆ ಹೊರಗಿವಿಯನ್ನು ಮೆಲ್ಲಗೆ ಎಳೆಯಿರಿ, ತೂತಿನ ಮುಂದಿರುವ ಪುಟ್ಟ ಮೆದು ಉಬ್ಬನ್ನು ಒತ್ತಿ. ಇಷ್ಟಕ್ಕೇ ಚುರ್ ಅಂದರೆ ಕೊಳವೆಯ ಚರ್ಮಕ್ಕೆ ಸೋಂಕು ತಗುಲಿರಬಹುದು. ಒಳಗೆ ಹೋಗಬೇಡಿ.

ಎಲ್ಲ ಸರಿಯಿದ್ದರೆ, ತೊಂದರೆ ಇಲ್ಲದ ಕಿವಿಯಿಂದ ಶುರು ಮಾಡಿ. ಎರಡು ಕಾರಣ. ಸೋಂಕಿದ್ದರೆ ಅದು ಒಳ್ಳೆಯ ಕಿವಿಗೆ ಹರಡುವುದಿಲ್ಲ. ಜೊತೆಗೆ ಇವರ ಆರೋಗ್ಯವಾದ ಕಿವಿ ಹೇಗಿರುತ್ತದೆ ಎಂದು ನಿಮಗೆ ಗೊತ್ತಾಗುತ್ತದೆ, ಇನ್ನೊಂದನ್ನು ಅದಕ್ಕೆ ಹೋಲಿಸಿ ನೋಡಬಹುದು.

## ಹಂತ 5: ಒಳಗೆ ಹೋಗುವ ಕ್ರಮ

ಇದನ್ನು ಒಂದೊಂದಾಗಿ, ಇದೇ ಕ್ರಮದಲ್ಲಿ ಮಾಡಿ.

5.1 ತುದಿ ಎಳೆದು ನೋಡಿ. ಸಿಲಿಕಾನ್ ತುದಿಯನ್ನು ಸಿಕ್ಕಿಸಿದ ಮೇಲೆ ಬೆರಳಿನಿಂದ ಎಳೆಯಿರಿ. ಸಡಿಲ ಇದ್ದರೆ ಎಸೆಯಿರಿ. ನನ್ನ ಮಾವನವರ ಕಿವಿಯಲ್ಲಿ ಒಮ್ಮೆ ಹೀಗೇ ತುದಿ ಕಳಚಿ ಉಳಿದುಹೋಯಿತು. ಕಡ್ಡಿ ಹೊರಗೆ ಬಂತು, ತುದಿ ಬರಲಿಲ್ಲ. ಅವರು ನೋವಿಲ್ಲ ಅನ್ನುತ್ತಲೇ ಇದ್ದರು. ತೆಗೆಯಲು ನಾವು ಯಾರೂ ಕೈ ಹಾಕಲಿಲ್ಲ. ಇಎನ್‌ಟಿ ವೈದ್ಯರು ಸಣ್ಣ ಕೊಕ್ಕೆಯಿಂದ ಒಂದೇ ನಿಮಿಷದಲ್ಲಿ ತೆಗೆದರು.

5.2 ಬೆಚ್ಚಗೆ ಮಾಡಿ. ಕಡ್ಡಿಯ ದೀಪ ಆನ್ ಮಾಡಿ ಒಂದು ನಿಮಿಷ ಬಿಡಿ. ತಣ್ಣನೆಯ ಲೆನ್ಸ್ ಮೇಲೆ ಕಿವಿಯ ಬಿಸಿ ತಾಗಿ ಮಂಜು ಕೂರುತ್ತದೆ, ಎಲ್ಲರೂ ಅದನ್ನು ಕ್ಯಾಮೆರಾ ದೋಷ ಅಂದುಕೊಳ್ಳುತ್ತಾರೆ. ಆಮೇಲೆ ತುದಿಯನ್ನು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ. ಬೆಚ್ಚಗಿದ್ದರೆ ಸರಿ. ಸುಡುತ್ತದೆ ಅನಿಸಿದರೆ ಆ ಕಡ್ಡಿಯನ್ನು ಯಾರ ಕಿವಿಗೂ ಹಾಕಬೇಡಿ.

5.3 ಕೈಗೆ ಆಧಾರ ಕೊಡಿ. ಕಡ್ಡಿಯನ್ನು ಪೆನ್ನಿನಂತೆ ಹಿಡಿಯಿರಿ. ಕಿರುಬೆರಳು, ಉಂಗುರಬೆರಳು ಅವರ ಕೆನ್ನೆಯ ಮೇಲೆ ಊರಿರಲಿ. ಅವರು ತಟ್ಟನೆ ತಲೆ ಆಡಿಸಿದರೆ ನಿಮ್ಮ ಕೈಯೂ ಜೊತೆಗೇ ಆಡುತ್ತದೆ, ತುದಿ ಒಳಗೆ ಚುಚ್ಚುವುದಿಲ್ಲ. ಗಾಳಿಯಲ್ಲಿ ತೇಲುವ ಕೈ ಎಷ್ಟೇ ಪಳಗಿದ್ದರೂ ಅಪಾಯವೇ.

5.4 ಕಿವಿ ಎಳೆಯಿರಿ. ಇನ್ನೊಂದು ಕೈಯಿಂದ ಹೊರಗಿವಿಯ ಮೇಲ್ಭಾಗ ಹಿಡಿದು, ದೊಡ್ಡವರಿಗಾದರೆ ಮೇಲಕ್ಕೆ ಮತ್ತು ಹಿಂದಕ್ಕೆ ಎಳೆಯಿರಿ. ಕೊಳವೆ ನೇರ ಇರುವುದಿಲ್ಲ, ಹಾವಿನ ಹಾಗೆ ಸ್ವಲ್ಪ ಬಳುಕಿರುತ್ತದೆ. ಹೀಗೆ ಎಳೆದಾಗ ಆ ಬಳುಕು ಹೋಗಿ ದಾರಿ ನೇರವಾಗುತ್ತದೆ. ವೈದ್ಯರು ಪುಟ್ಟ ಮಕ್ಕಳ ಕಿವಿಯನ್ನು ಕೆಳಕ್ಕೆ, ಹಿಂದಕ್ಕೆ ಎಳೆಯುವುದನ್ನು ನೀವು ನೋಡಿರಬಹುದು. ಅವರ ಕೊಳವೆಯ ವಾಲು ಬೇರೆ. ನೋಡಿ ಮುಗಿಯುವವರೆಗೆ ಈ ಕೈ ಬಿಡಬೇಡಿ.

5.5 ಕಣ್ಣು ಕಿವಿಯ ಮೇಲೆ. ತುದಿ ತೂತಿನೊಳಗೆ ಹೋಗುವಾಗ ಪರದೆ ನೋಡಬೇಡಿ. ಕಿವಿಯನ್ನೇ ನೋಡಿ. ನಾಲ್ಕು ಮಿ.ಮೀ. ಒಳಗೆ ಹೋಯಿತಾ, ನಿಲ್ಲಿಸಿ. ಆಮೇಲೆ ಪರದೆ ನೋಡಿ. ಇಡೀ ಕೆಲಸದಲ್ಲಿ ಹೆಚ್ಚು ಜನ ತಪ್ಪುವುದು ಇಲ್ಲೇ. ಪರದೆಯಲ್ಲಿ ಎಲ್ಲವೂ ದೊಡ್ಡದಾಗಿ ಕಾಣುವುದರಿಂದ ಇನ್ನೂ ತುಂಬ ದಾರಿ ಇದೆ ಅನಿಸುತ್ತದೆ. ಇರುವುದು ಒಂದೂವರೆ ಬೆರಳಗಲವೂ ಇಲ್ಲ.

5.6 ಕೋನ ಹುಡುಕಿ. ಈಗ ತುದಿಯನ್ನು ಮುಂದೆ ತಳ್ಳದೆ, ಕಡ್ಡಿಯ ಬಾಲವನ್ನು ಮಾತ್ರ ನಿಧಾನವಾಗಿ ಆಡಿಸಿ. ಕೊಳವೆ ಒಳಗೆ ಹೋಗುತ್ತಾ ಸ್ವಲ್ಪ ಮೂಗಿನ ಕಡೆಗೆ ವಾಲುತ್ತದೆ. ಹಾಗಾಗಿ ತುದಿಯೂ ಮೂಗಿನ ಕಡೆ ಸ್ವಲ್ಪ ತಿರುಗಬೇಕು. ಮೊದಲು ಕೂದಲು, ಆಮೇಲೆ ಗುಗ್ಗೆ, ಆಮೇಲೆ ನುಣ್ಣನೆಯ ಬಿಳುಪು ಚರ್ಮ, ಕೊನೆಗೆ ಬೂದು ಬಣ್ಣದ ಹೊಳಪು. ದಾರಿ ಈ ಕ್ರಮದಲ್ಲಿ ತೆರೆದುಕೊಳ್ಳುತ್ತದೆ. ಬೇಕಿದ್ದರೆ ಮಾತ್ರ ಗೆರೆಯವರೆಗೆ ಮುಂದೆ ಹೋಗಿ.

5.7 ಪರದೆ ಪೂರ್ತಿ ಕೆಂಪಾದರೆ ಹಿಂದೆ ಬನ್ನಿ. ತುದಿ ಗೋಡೆಗೆ ಒತ್ತಿದೆ ಎಂದು ಅರ್ಥ. ಅಲ್ಲೇ ತಿರುಗಿಸಬೇಡಿ, ಚರ್ಮ ಕೆರೆಯುತ್ತದೆ. ಎರಡು ಮಿ.ಮೀ. ಹಿಂದೆ ತಂದು, ಕೋನ ಬದಲಿಸಿ ಮತ್ತೆ ನೋಡಿ.

ಕೆಲವರಿಗೆ ತುದಿ ತಾಗಿದ ಕೂಡಲೇ ಕೆಮ್ಮು ಬರುತ್ತದೆ. ಕೊಳವೆಗೆ ಬರುವ ಒಂದು ನರಕ್ಕೆ ಗಂಟಲಿನ ಕಡೆಯ ನರದ ಜೊತೆ ಸಂಬಂಧ ಇದೆ, ಅದಕ್ಕೆ ಹೀಗೆ. ಹೆದರುವಂಥದ್ದಲ್ಲ. ಆದರೆ ಕೆಮ್ಮು ಶುರುವಾಗುವ ಸುಳಿವು ಸಿಕ್ಕ ತಕ್ಷಣ ಕಡ್ಡಿ ಹೊರಗೆ ತೆಗೆಯಿರಿ. ನೋವು, ತಲೆ ಸುತ್ತು ಬಂದರೂ ಅಷ್ಟೆ. ಒಂದು ಕಿವಿಗೆ ಎರಡು ನಿಮಿಷಕ್ಕಿಂತ ಜಾಸ್ತಿ ಬೇಡ. ಕಾಣಲಿಲ್ಲವೇ? ಬಿಟ್ಟು, ನಾಳೆ ನೋಡಿ.

## ಹಂತ 6: ಪರದೆಯಲ್ಲಿ ಕಂಡದ್ದೇನು?

ಆರೋಗ್ಯವಾದ ತಮಟೆ ಮುತ್ತಿನ ಬೂದು ಬಣ್ಣದ್ದು, ಸ್ವಲ್ಪ ಪಾರದರ್ಶಕ, ಒದ್ದೆ ಗಾಜಿನಂತೆ ಹೊಳೆಯುತ್ತದೆ. ಅಗಲ ಹೆಚ್ಚುಕಡಿಮೆ 1 ಸೆಂ.ಮೀ., ದಪ್ಪ ಬರೀ 0.1 ಮಿ.ಮೀ. ಮೇಲಿನಿಂದ ನಡುವಿನವರೆಗೆ ಬಿಳಿ ಗೆರೆಯಂತೆ ಒಂದು ಪುಟ್ಟ ಮೂಳೆಯ ಹಿಡಿ ಕಾಣುತ್ತದೆ. ಅದರ ತುದಿಯಿಂದ ಕೆಳಗೆ ಮುಂದಕ್ಕೆ ಬೆಳಕಿನ ತ್ರಿಕೋನವೊಂದು ಹೊಳೆಯುತ್ತದೆ. ಗಡಿಯಾರದ ಮುಖ ಎಂದುಕೊಂಡರೆ, ಬಲಗಿವಿಯಲ್ಲಿ ಈ ಹೊಳಪು 5 ಗಂಟೆಯ ಕಡೆ, ಎಡಗಿವಿಯಲ್ಲಿ 7 ಗಂಟೆಯ ಕಡೆ. ಬಲಗಿವಿಯಲ್ಲಿ 7ರ ಕಡೆ ಕಂಡರೆ ಗಾಬರಿ ಬೇಡ, ಮೊದಲು ಆ್ಯಪ್‌ನ ಮಿರರ್ ಸೆಟ್ಟಿಂಗ್ ನೋಡಿ.

ತೊಂದರೆಯ ಸುಳಿವುಗಳು ಹೀಗಿರುತ್ತವೆ:

- ತಮಟೆ ಕೆಂಪಾಗಿ, ಹೊರಗೆ ಉಬ್ಬಿದೆ: ನಡುಗಿವಿಯ ಸೋಂಕು ಇರಬಹುದು. ಬರೀ ಕೆಂಪು ಕಂಡು ತೀರ್ಮಾನಕ್ಕೆ ಬರಬೇಡಿ, ಮಗು ಅತ್ತರೂ ತಮಟೆ ಕೆಂಪಾಗುತ್ತದೆ.
- ತಮಟೆಯ ಹಿಂದೆ ಜೇನಿನ ಬಣ್ಣ, ಗುಳ್ಳೆಗಳು, ನೀರಿನ ಮಟ್ಟದಂಥ ಗೆರೆ: ಒಳಗೆ ದ್ರವ ನಿಂತಿರಬಹುದು.
- ಅಂಚು ಸ್ಪಷ್ಟವಾಗಿರುವ ಕಪ್ಪು ಕಿಂಡಿ: ತೂತು ಇರಬಹುದು. ಯಾವ ಹನಿಯನ್ನೂ ಹಾಕಬೇಡಿ.
- ಒದ್ದೆ ಕಾಗದದಂಥ ಪದರ, ಅದರ ಮೇಲೆ ಕಪ್ಪು ಚುಕ್ಕೆ ಅಥವಾ ಬಿಳಿ ನವಿರು: ಶಿಲೀಂಧ್ರದ ಸೋಂಕು ಇರಬಹುದು. ಇದಕ್ಕೆ ತುರಿಕೆ ಜಾಸ್ತಿ.
- ತಮಟೆಯ ಮೇಲ್ಭಾಗದಲ್ಲಿ ಒಳಗೆ ಎಳೆದುಕೊಂಡ ಗುಳಿ, ಅದರಲ್ಲಿ ಬಿಳಿ ಅಥವಾ ಕಂದು ಹಕ್ಕಳೆ: ನೋವಿಲ್ಲದಿದ್ದರೂ ಬಿಡಬೇಡಿ, ತಜ್ಞರಿಗೆ ತೋರಿಸಿ. ಮೂಳೆಯನ್ನೇ ತಿನ್ನುವ ಕಾಯಿಲೆಯೊಂದು ಹೀಗೆ ಸದ್ದಿಲ್ಲದೆ ಶುರುವಾಗುತ್ತದೆ.

"ಇರಬಹುದು" ಎಂದೇ ಬರೆದಿದ್ದೇನೆ, ಗಮನಿಸಿ. ತಮಟೆ ಎಷ್ಟು ಅಲುಗುತ್ತದೆ ಎಂದು ಕಡ್ಡಿಗೆ ಗೊತ್ತಾಗುವುದಿಲ್ಲ, ಕಿವಿ ಎಷ್ಟು ಕೇಳುತ್ತದೆ ಎಂದೂ ಗೊತ್ತಾಗುವುದಿಲ್ಲ. ಅಗ್ಗದ ದೀಪಗಳು ಬಣ್ಣವನ್ನೂ ಬದಲಿಸಿ ತೋರಿಸುತ್ತವೆ. ಚಿತ್ರ ನೋಡಿ ಮನೆಯಲ್ಲಿದ್ದ ಹಳೇ ಕಿವಿ ಹನಿ ಹಾಕುವುದಂತೂ ಬೇಡವೇ ಬೇಡ.

ಕಿವಿಯೊಳಗೆ ಬೇರೆ ವಸ್ತು ಕಂಡರೆ ಅದು ಏನು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಹೊಳೆಯುವ ಬಿಲ್ಲೆಯಂಥ ಬಟನ್ ಸೆಲ್ (ಕೈಗಡಿಯಾರಕ್ಕೆ ಹಾಕುವಂಥ ಪುಟ್ಟ ಬ್ಯಾಟರಿ) ಆಗಿದ್ದರೆ ತುರ್ತು ಪರಿಸ್ಥಿತಿ. ಕೆಲವೇ ಗಂಟೆಗಳಲ್ಲಿ ಒಳಗಿನ ಚರ್ಮ ಸುಟ್ಟುಹೋಗುತ್ತದೆ. ನೀರು, ಎಣ್ಣೆ, ಹನಿ ಏನೂ ಹಾಕದೆ ನೇರ ಆಸ್ಪತ್ರೆಗೆ ಓಡಿ. ಕಾಳು, ಬೀಜ ಆಗಿದ್ದರೆ ನೀರು ಬಿಟ್ಟರೆ ಊದಿಕೊಂಡು ಇನ್ನೂ ಬಿಗಿಯುತ್ತದೆ. ಇವನ್ನು ಕ್ಯಾಮೆರಾದ ತುದಿಯಿಂದ ಎಳೆಯಲು ಹೋದರೆ ತಮಟೆಯ ಕಡೆಗೆ ಜಾರುವುದೇ ಹೆಚ್ಚು.

## ಹಂತ 7: ಗುಗ್ಗೆ ಕಂಡಾಗ ಕೈ ಕಟ್ಟಿಕೊಳ್ಳಿ

ಗುಗ್ಗೆ ಕೊಳಕಲ್ಲ. ಕಿವಿಯೇ ಮಾಡಿಕೊಂಡ ರಕ್ಷಣೆ ಅದು. ಕೊಳವೆಯ ಚರ್ಮ ತಮಟೆಯ ನಡುವಿನಿಂದ ಹೊರಗಡೆಗೆ ನಿಧಾನವಾಗಿ ಸರಿಯುತ್ತಿರುತ್ತದೆ, ಗುಗ್ಗೆಯನ್ನೂ ಹೊತ್ತು ತರುತ್ತದೆ. ಪರದೆಯಲ್ಲಿ ಬೆಟ್ಟದಂತೆ ಕಂಡ ಗುಗ್ಗೆ ನಿಜಕ್ಕೂ ಅಕ್ಕಿಕಾಳಿನಷ್ಟೂ ಇರುವುದಿಲ್ಲ. ತಮಟೆ ಕಾಣುತ್ತಿದೆ, ಕಿವಿ ಕೇಳುತ್ತಿದೆ ಅಂದರೆ ಅದನ್ನು ಹಾಗೇ ಬಿಡಿ.

ಆದರೂ ಚಮಚದ ತುದಿ ಹಾಕಿ ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ. ನೋಡುತ್ತಾ ತೆಗೆಯುತ್ತೇವಲ್ಲ, ಏನಾಗುತ್ತದೆ ಅನಿಸುತ್ತದೆ. ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು, ಅದಕ್ಕೆ ಆಳ ತಿಳಿಯುವುದಿಲ್ಲ. ಚಮಚ ಗುಗ್ಗೆಯ ಮುಂದಿದೆಯೋ ತಮಟೆಗೆ ತಾಗುತ್ತಿದೆಯೋ ಪರದೆಯಲ್ಲಿ ಹೇಳಲಾಗದು. ವೈದ್ಯರು ಎರಡೂ ಕಣ್ಣಿನಿಂದ ನೋಡುವ ಸೂಕ್ಷ್ಮದರ್ಶಕದ ಕೆಳಗೆ ಇದನ್ನು ಮಾಡುವುದು ಅದಕ್ಕೇ.

ಗುಗ್ಗೆ ಪೂರ್ತಿ ಅಡ್ಡ ಕಟ್ಟಿದ್ದರೆ ಕ್ಯಾಮೆರಾ ತನ್ನ ಕೆಲಸ ಮುಗಿಸಿದೆ. ನನ್ನ ಅಮ್ಮನ ಶ್ರವಣಯಂತ್ರ ದಿನವಿಡೀ ಕುಂಯ್ ಅನ್ನುತ್ತಿತ್ತು. ಯಂತ್ರ ಕೆಟ್ಟಿದೆ ಅಂತ ಎರಡು ಸಲ ರಿಪೇರಿಗೆ ಕೊಟ್ಟೆವು. ಒಂದು ಸಂಜೆ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, "ಅಲ್ಲಾಡಬೇಡ ಅಮ್ಮಾ, ಒಂದೇ ನಿಮಿಷ" ಅಂತ ಬಲಗಿವಿಯೊಳಗೆ ನೋಡಿದೆ. ಬೆಲ್ಲದ ಪಾಕ ಗಟ್ಟಿಯಾದಂತೆ ಕಂದು ಗೋಡೆಯೊಂದು ದಾರಿ ಮುಚ್ಚಿತ್ತು. ಯಂತ್ರದ ಸದ್ದು ಅದಕ್ಕೆ ಬಡಿದು ವಾಪಸ್ ಬರುತ್ತಿತ್ತು. ನಾನು ಏನೂ ತೆಗೆಯಲಿಲ್ಲ, ಆ ಫೋಟೋ ವೈದ್ಯರಿಗೆ ತೋರಿಸಿದೆ. ಅವರು ಕೆಲವು ದಿನ ಮೆತ್ತಗಾಗಿಸುವ ಹನಿ ಬರೆದುಕೊಟ್ಟು, ಆಮೇಲೆ ತೆಗೆದರು. ಅವತ್ತೇ ಕುಂಯ್ ನಿಂತಿತು.

ಮೆತ್ತಗಾಗಿಸುವ ಹನಿಯನ್ನೂ ತೂತು, ಗ್ರೋಮೆಟ್, ಶಸ್ತ್ರಚಿಕಿತ್ಸೆ ಇಲ್ಲ ಎಂದು ಖಚಿತವಾದವರಿಗೆ ಮಾತ್ರ, ವೈದ್ಯರನ್ನು ಕೇಳಿಯೇ ಹಾಕಬೇಕು. ಹನಿ ಹಾಕಿದ ಮೊದಲ ದಿನಗಳಲ್ಲಿ ಗುಗ್ಗೆ ಉಬ್ಬಿ ಕಿವಿ ಇನ್ನಷ್ಟು ಮಂದವಾಗಬಹುದು. ಆಗ ಬಡ್ಸ್ ಹಾಕಿ ಒತ್ತಬೇಡಿ.

## ಹಂತ 8: ವೈದ್ಯರಿಗೆ ಕೆಲಸಕ್ಕೆ ಬರುವಂತೆ ಚಿತ್ರ ತೆಗೆಯಿರಿ

ಹತ್ತಾರು ಫೋಟೋ ತೆಗೆದ ಮೇಲೆ ಯಾವುದು ಬಲಗಿವಿ, ಯಾವುದು ಎಡಗಿವಿ ಅಂತ ತೆಗೆದವರಿಗೇ ನೆನಪಿರುವುದಿಲ್ಲ. ಅದಕ್ಕೆ ಚೀಟಿ. "ಬಲ" ಅಥವಾ "ಎಡ", ಜೊತೆಗೆ ದಿನಾಂಕ ಬರೆದು, ಪ್ರತಿ ಕಿವಿಗೆ ಹೋಗುವ ಮೊದಲು ಆ ಚೀಟಿಯ ಒಂದು ಫೋಟೋ ತೆಗೆಯಿರಿ. ಆಮೇಲೆ ಬರುವ ಚಿತ್ರಗಳೆಲ್ಲ ಆ ಕಿವಿಯವು.

ಕೋನ ಹುಡುಕುವಾಗಲೇ ಬಟನ್ ಒತ್ತಲು ಹೋದರೆ ಕೈ ಅಲುಗುತ್ತದೆ. ವಿಡಿಯೊ ಹಾಕಿ ಬಿಡಿ, ಇಪ್ಪತ್ತು ಮೂವತ್ತು ಸೆಕೆಂಡು ಸಾಕು. ತಮಟೆ ಕಂಡಾಗ ಮೂರು ಎಣಿಸುವವರೆಗೆ ಸ್ಥಿರವಾಗಿ ಹಿಡಿಯಿರಿ. ವಿಡಿಯೊದಲ್ಲಿ ಚೆನ್ನಾಗಿ ಬಂದ ಚಿತ್ರವನ್ನು ಆಮೇಲೆ ಆರಿಸಿಕೊಳ್ಳಬಹುದು. ಎರಡೂ ಕಿವಿಯದು ಇರಲಿ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಚಿತ್ರ ಕುಗ್ಗಿ ಸಣ್ಣ ವಿವರ ಮಾಯವಾಗುತ್ತದೆ. ಜೊತೆಗೆ ನಾಲ್ಕು ಸಾಲು ಬರೆಯಿರಿ: ಎಷ್ಟು ದಿನದಿಂದ, ಯಾವ ಕಿವಿ, ನೋವಿದೆಯೇ, ಸೋರುತ್ತಿದೆಯೇ, ಕೇಳಿಸುವುದು ಕಡಿಮೆಯಾಗಿದೆಯೇ. ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಸಕ್ಕರೆ ಕಾಯಿಲೆಯವರಿಗೆ, ಅದರಲ್ಲೂ ವಯಸ್ಸಾದವರಿಗೆ, ನಿದ್ದೆ ಬಿಡಿಸುವಂಥ ಕಿವಿ ನೋವು ಬಂದರೆ ಸೋಂಕು ಮೂಳೆಗೆ ಇಳಿದಿರುವ ಸಾಧ್ಯತೆ ಇರುತ್ತದೆ. ಅಂಥವರು ಚಿತ್ರ ಕಳಿಸಿ ಉತ್ತರಕ್ಕೆ ಕಾಯಬಾರದು, ನೇರ ಹೋಗಬೇಕು. ಮುಖದ ಒಂದು ಬದಿ ಸೊಟ್ಟಗಾದರೆ, ನಿಲ್ಲಲಾಗದಷ್ಟು ತಲೆ ಸುತ್ತಿದರೆ, ಜ್ವರದ ಜೊತೆ ಕಿವಿಯ ಹಿಂದೆ ಊತ ಬಂದರೆ ಕೂಡ ಹಾಗೆಯೇ.

## ಹಂತ 9: ತೊಳೆದು ಎತ್ತಿಡಿ

ಒಂದು ಕಿವಿ ಮುಗಿದ ಕೂಡಲೇ ತುದಿ ತೆಗೆಯಿರಿ. ಇನ್ನೊಂದು ಕಿವಿಗೆ ಬೇರೆ ತುದಿ, ಅದಕ್ಕೂ ಮೊದಲೇ 1 ಸೆಂ.ಮೀ. ಗೆರೆ ಹಾಕಿರಬೇಕು. ಸೋಂಕಿನ ಅನುಮಾನ ಇದ್ದರೆ ಬಳಸಿದ ತುದಿಯನ್ನು ಎಸೆಯಿರಿ. ಇಲ್ಲದಿದ್ದರೆ ಸೋಪು ನೀರಿನಲ್ಲಿ ತೊಳೆದು, ಆಲ್ಕೋಹಾಲ್ ಹಾಳೆಯಿಂದ ಒರೆಸಿ ಒಣಗಿಸಿ. ಆಲ್ಕೋಹಾಲಿಗೆ ಮಾರ್ಕರ್ ಗೆರೆ ಅಳಿಸಿಹೋಗುತ್ತದೆ, ಮುಂದಿನ ಸಲ ಅಳೆದು ಮತ್ತೆ ಎಳೆಯಿರಿ.

ಲೆನ್ಸನ್ನೂ ಅದೇ ಹಾಳೆಯಿಂದ ಮೆಲ್ಲಗೆ ಒರೆಸಿ. ಗುಗ್ಗೆಯ ಜಿಡ್ಡು ಸ್ವಲ್ಪ ಉಳಿದರೂ ಮುಂದಿನ ಸಲ ಎಲ್ಲ ಮಸುಕು. ಒರೆಸಿದ ಮೇಲೆ ಪೂರ್ತಿ ಆರುವವರೆಗೆ ಕಾಯಿರಿ, ಆಲ್ಕೋಹಾಲ್ ಹಸಿಯಿರುವಾಗ ಕಿವಿಗೆ ಹಾಕಿದರೆ ಉರಿಯುತ್ತದೆ. ತುದಿಗೆ ನೀರು ತಾಗಿದರೆ ಏನೂ ಆಗದು ಅಂತ ಪೆಟ್ಟಿಗೆಯ ಮೇಲೆ ಬರೆದಿದ್ದರೂ ಹಿಡಿಯನ್ನು ನೀರಿಗೆ ಅದ್ದಬೇಡಿ, ಬ್ಯಾಟರಿ ಇರುವುದು ಅಲ್ಲೇ.

ಕಡ್ಡಿಯನ್ನು ಮುಚ್ಚಳ ಹಾಕಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ದೊಡ್ಡವರು ಕಿವಿಗೆ ಕಡ್ಡಿ ಹಾಕುವುದನ್ನು ನೋಡಿದ ಮಗು ಮರುದಿನ ತಾನೂ ಏನನ್ನಾದರೂ ಹಾಕಿಕೊಳ್ಳಲು ನೋಡುತ್ತದೆ. ಕೊನೆಗೆ ಫೋನನ್ನು ಏರೋಪ್ಲೇನ್ ಮೋಡ್‌ನಿಂದ ಹೊರಗೆ ತನ್ನಿ. ಕಡ್ಡಿಯ ವೈ-ಫೈಗೆ ಪಾಸ್‌ವರ್ಡ್ ಇಡುವ ಅವಕಾಶ ಇದ್ದರೆ ಅವತ್ತೇ ಇಟ್ಟುಬಿಡಿ.